ಫಲಕದ ಬೆನ್ನು

ಅರವತ್ತು ದಾಟಿದ ಮೇಲೆ ಕಲ್ಲುಕುಟಿಗನಿಗೆ ಒಬ್ಬ ಹೆಂಗಸಿನ ಹುಚ್ಚು ಹಿಡಿಯಿತು. ಆಕೆಯ ಎತ್ತರ ಹೆಚ್ಚೆಂದರೆ ಒಂದು ಎಳ್ಳುಕಾಳಿನಷ್ಟು.

ಆಕೆ ಇದ್ದದ್ದು ಒಂದು ಪಟದೊಳಗೆ. ಪಟ ಇದ್ದದ್ದು ಹಳೇ ದಾಖಲೆ ಕಚೇರಿಯ ಮೊಗಸಾಲೆಯ ಗೋಡೆಯಲ್ಲಿ. ಎರಡು ಗೇಣು ಅಗಲ, ಒಂದೂವರೆ ಗೇಣು ಎತ್ತರ. ಉಕ್ಕಿನ ಫಲಕದ ಮೇಲೆ ಸಣ್ಣ ಉಳಿಯಿಂದ ಗೆರೆ ಕೊರೆದು, ಗೆರೆಗೆ ಮಸಿ ತುಂಬಿ, ಒದ್ದೆ ಕಾಗದ ಒತ್ತಿ ತೆಗೆದದ್ದು. ನೂರೈವತ್ತು ವರ್ಷಕ್ಕೂ ಹಿಂದಿನ ಕೆಲಸ. ಚಿತ್ರದಲ್ಲಿದ್ದದ್ದು ಅದೇ ಕಚೇರಿಯ ಕಟ್ಟಡ: ಹನ್ನೆರಡು ಕಂಬ, ನಲವತ್ತೆರಡು ಕಿಟಕಿ, ಮೆಟ್ಟಿಲ ಸಾಲು, ಬುಡದಲ್ಲೊಂದು ಕುದುರೆಗಾಡಿ, ಗಾಡಿಯ ನೆರಳಲ್ಲಿ ಮಲಗಿದ ನಾಯಿ, ಮೇಲೆ ಮೋಡ ತುಂಬಿದ ಆಕಾಶ. ಹೆಬ್ಬಾಗಿಲ ನೆತ್ತಿಯ ಮೇಲೆ ಒಂದು ಗೂಡು. ಆ ಗೂಡಿನೊಳಗೆ ಕೂತಿದ್ದಳು ಅವಳು.

"ಕೈಯಲ್ಲಿ ಏನೋ ಹಿಡಿದಿದಾಳೆ," ಎಂದು ಕಲ್ಲುಕುಟಿಗ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ. "ಏನು ಅಂತಲೇ ತಿಳೀತಿಲ್ಲ."

"ಸೌಟು ಇರ್ಬೇಕು," ಎಂದಳು ಹೆಂಡತಿ. "ಈ ವಯಸ್ಸಲ್ಲಿ ಭೂತಗನ್ನಡಿ ಹಿಡ್ಕೊಂಡು ಪರಹೆಂಗಸನ್ನ ನೋಡೋರ ತಲೆಗೆ ಹೊಡೆಯೋಕೆ."

ಅವನು ನಕ್ಕ. ಆದರೆ ಅನ್ನ ತಟ್ಟೆಯಲ್ಲೇ ಆರಿಹೋಯಿತು. ಹುಚ್ಚು ಹಿಡಿದವರ ಊಟ ಹಾಗೇ.

ಸಂಗತಿ ಹೀಗೆ. ಎರಡು ವರ್ಷದ ಹಿಂದೆ ಆ ಕಚೇರಿಯ ಹಣೆ, ಅಂದರೆ ಹೆಬ್ಬಾಗಿಲ ಮೇಲಿನ ಭಾಗ, ಕುಸಿದು ಬಿದ್ದಿತ್ತು. ಕಟ್ಟಡಕ್ಕೂ ಒಂದು ಕರುಣೆ ಇರುತ್ತದೆ ಎನ್ನಬೇಕು. ರಜಾ ದಿನ ನೋಡಿಕೊಂಡು ಬಿತ್ತು, ಒಬ್ಬರ ಕೂದಲೂ ಕೊಂಕಲಿಲ್ಲ. 'ಹೇಗಿತ್ತೋ ಹಾಗೆಯೇ ಕಟ್ಟತಕ್ಕದ್ದು' ಎಂದು ಸರ್ಕಾರದ ಆದೇಶವಾಯಿತು. ಹೇಗಿತ್ತು ಎಂದು ಕೇಳಿದರೆ ಹೇಳುವವರಿಲ್ಲ. ಗೂಡಿನ ಮುಂದೆ ಮೂರು ತಲೆಮಾರಿನಿಂದ ಕಚೇರಿಯ ದೊಡ್ಡ ತಗಡಿನ ಬೋರ್ಡು ಜಡಿದಿತ್ತು. ಯಾವ ಫೋಟೋ ನೋಡಿದರೂ ಬೋರ್ಡೇ. ಹಿಂದೆ ಸಿಂಹ ಇತ್ತು ಎಂದ ಒಬ್ಬ ಗುಮಾಸ್ತ. ಗಡಿಯಾರ ಇತ್ತು ಎಂದ ಇನ್ನೊಬ್ಬ. ಎದುರುಗಡೆಯ ಚಹಾದಂಗಡಿಯವನು ಮಾತ್ರ "ಪಾರಿವಾಳ ಇತ್ತು, ಹಿಕ್ಕೆ ಹಾಕ್ತಿತ್ತು" ಎಂದ. ಬಿದ್ದ ಚೂರುಗಳಲ್ಲಿ ಹುಡುಕೋಣವೆಂದರೆ ಅವನ್ನೆಲ್ಲ ಯಾವುದೋ ಹಳ್ಳ ತುಂಬಲು ಲಾರಿಯಲ್ಲಿ ಹೊತ್ತೊಯ್ದಿದ್ದರು. ದೊಡ್ಡ ಕಲ್ಲುಗಳಷ್ಟೇ ಕಚೇರಿಯ ಹಿತ್ತಲಲ್ಲಿ ಬಿದ್ದಿದ್ದವು. ಹಾಗಾಗಿ ಉಳಿದ ಸಾಕ್ಷಿ ಒಂದೇ, ಮೊಗಸಾಲೆಯ ಪಟ. ಅದನ್ನು ಮೊದಲು ಕಂಡವಳು ಕೆಲಸದ ಉಸ್ತುವಾರಿಯ ಇಂಜಿನಿಯರಮ್ಮ. ಕಂಡವಳೇ ಕಲ್ಲುಕುಟಿಗನನ್ನು ಕರೆಸಿ, "ಮೇಸ್ತ್ರಿ, ಗೂಡೂ ನೀವೇ ಮಾಡಿ, ಒಳಗಿನ ಮೂರ್ತೀನೂ ನೀವೇ ಮಾಡಿ," ಎಂದಿದ್ದಳು.

ಆ ಮಾತು ಅವನ ಎದೆಗೆ ಹೇಗೆ ತಾಗಿತೆಂದು ಆಕೆಗೆ ಗೊತ್ತಿರಲಿಲ್ಲ. ನಲವತ್ತೈದು ವರ್ಷದಿಂದ ಅವನು ಕೆತ್ತಿದ್ದು ಹೊಸ್ತಿಲು, ಮೆಟ್ಟಿಲು, ಕಂಬದ ಬೋದಿಗೆ, ಚರಂಡಿಯ ಅಂಚುಗಲ್ಲು. ಒಂದು ಮುಖವನ್ನೂ ಯಾರೂ ಅವನಿಂದ ಕೇಳಿರಲಿಲ್ಲ. "ಮುಖ ಕೆತ್ತೋ ಯೋಗ ಎಲ್ಲರಿಗೂ ಇರಲ್ಲ ಮಗಾ, ಅದು ಬಂದಾಗ ಕಲ್ಲು ಸಿದ್ಧವಾಗಿರಬೇಕು" ಎಂದು ಅವನ ಅಪ್ಪ ಹೇಳುತ್ತಿದ್ದ. ಹೇಳುತ್ತಲೇ ಒಂದು ಮುಖವನ್ನೂ ಕೆತ್ತದೆ ಹೋದ. ಅಪ್ಪನ ಮಾತು ನಂಬಿ ಇವನು ಒಂದು ಕಲ್ಲು ಎತ್ತಿಟ್ಟಿದ್ದ. ಹಳೇ ಗಣಿ ಮುಚ್ಚುವ ವಾರ ತಂದದ್ದು, ಬೂದಿಗೆ ಜೇನು ಬೆರೆಸಿದಂಥ ಬಣ್ಣ, ಒಂದು ಎಳೆ ಬಿರುಕಿಲ್ಲ. ಮೂವತ್ತು ವರ್ಷ ಅದು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು, ಸಂಬಂಧ ಕೂಡಿಬರದ ಹುಡುಗಿಯ ಹಾಗೆ.

ಈಗ ಸಂಬಂಧ ಕೂಡಿ ಬಂದಿತ್ತು. ಕೈಯಲ್ಲಿರುವುದು ಏನೆಂದು ತಿಳಿಯಬೇಕು, ಅಷ್ಟೇ ಬಾಕಿ. ದೀಪ ಎಂದರೆ ದೀಪದ ಹಾಗೆ ಕಾಣುತ್ತಿತ್ತು. ಸುರುಳಿ ಎಂದರೆ ಸುರುಳಿ. ದೀಪ ಹಿಡಿದವಳ ಮುಖ ಬೇರೆ, ಓದುವವಳ ಮುಖ ಬೇರೆ. ಪಟವೋ ಹಳದಿಗಟ್ಟಿ, ಆ ಜಾಗದಲ್ಲೇ ಸಣ್ಣಗೆ ಹುಳ ಹಿಡಿದಿತ್ತು.

"ಆ ಪಟದ ಮೂಲ ಉಕ್ಕಿನ ಪ್ಲೇಟುಗಳು ಇನ್ನೂ ಇವೆಯಂತೆ," ಎಂದಳು ಇಂಜಿನಿಯರಮ್ಮ ಒಂದು ಬೆಳಿಗ್ಗೆ. "ಕೋರ್ಟು, ಅಂಚೆ ಕಚೇರಿ, ಟಂಕಸಾಲೆ, ಸುಂಕದ ಮನೆ, ನಮ್ಮದು, ಒಟ್ಟು ಐದು ಕಟ್ಟಡದ್ದು. ಹಿಂದಿನ ಬೀದೀಲಿ ಅಚ್ಚಿನ ಅಕ್ಕ ಇದಾರಲ್ಲ, ಅವರ ಹತ್ರ. ಹೊಸದಾಗಿ ಒಂದು ಪ್ರಿಂಟು ತೆಗೆಸ್ಕೊಂಡು ನೋಡಿ."

ಅಚ್ಚಿನ ಅಕ್ಕನ ಅಂಗಡಿ ಒಂದು ಉದ್ದ ಕೋಣೆ. ಬೀದಿಯ ಕಡೆ ಒಂದು ಬಾಗಿಲು, ಹಿತ್ತಲ ಕಡೆ ದೊಡ್ಡ ಕಿಟಕಿ. ಕಿಟಕಿಯ ಬೆಳಕಿಗೆ ಮುಖ ಮಾಡಿ ಒಂದು ಯಂತ್ರ: ಎರಡು ದಪ್ಪ ಉರುಳೆ, ನಡುವೆ ಕಬ್ಬಿಣದ ಮಂಚ, ಪಕ್ಕದಲ್ಲಿ ಆಳೆತ್ತರದ ಚಕ್ರ. ಎಣ್ಣೆ, ಮಸಿ, ಒದ್ದೆ ಕಾಗದ ಮೂರೂ ಸೇರಿದ ಒಂದು ವಾಸನೆ. ಅಕ್ಕನಿಗೆ ಐವತ್ತರ ಮೇಲೆ. ಎಡಗೈಯೆಲ್ಲ ಕಪ್ಪು, ಬಲ ಅಂಗೈ ಮಾತ್ರ ಹಿಟ್ಟು ಮೆತ್ತಿದ ಹಾಗೆ ಬೆಳ್ಳಗೆ. ಮೂಲೆಯ ಬೆಂಚಿನ ಮೇಲೆ ಆಕೆಯ ಅತ್ತೆ ಹಳೇ ಬಟ್ಟೆ ಹರಿದು ಚೌಕ ಚೌಕ ಮಾಡುತ್ತ ಕೂತಿದ್ದಳು. ಮುದುಕಿಗೆ ಕಣ್ಣು ಅರ್ಧ ಹೋಗಿತ್ತು. ನಾಲಿಗೆ ಪೂರ್ತಿ ಉಳಿದಿತ್ತು.

"ಯಾರದು, ಹೆಜ್ಜೆ ಇಷ್ಟು ಭಾರ?" ಎಂದಳು ಅತ್ತೆ.

"ಕಲ್ಲು ಕೆಲಸದವನು, ತಾಯಿ."

"ಹಾಗಾದ್ರೆ ಯಾವುದನ್ನೂ ಮುಟ್ಟಬೇಡ. ನಿನ್ನ ಕೈಗೆ ಬೆಟ್ಟವೇ ಸಣ್ಣದು. ಇಲ್ಲಿ ಕೂದಲೂ ದೊಡ್ಡದು."

ಅಕ್ಕ ಗೋಡೆಯ ಕಪಾಟಿನಿಂದ ಮೇಣಗಾಗದದಲ್ಲಿ ಸುತ್ತಿದ ಫಲಕ ಹೊರತೆಗೆದು, ಮೇಣ ಕರಗಿಸಿ ಒರೆಸಿ, ಕಿಟಕಿಯ ಕೆಳಗೆ ಇಟ್ಟಳು. ಕಲ್ಲುಕುಟಿಗ ಬಗ್ಗಿದ. ಮೊದಲು ಏನೂ ಕಾಣಲಿಲ್ಲ, ಬರೀ ಬೂದು ಹೊಳಪು. ಅಕ್ಕ ಫಲಕವನ್ನು ಒಂದಿಷ್ಟು ಓರೆ ಮಾಡಿದಳು. ಇದ್ದಕ್ಕಿದ್ದಂತೆ ಇಡೀ ಕಟ್ಟಡ ಉಕ್ಕಿನೊಳಗಿಂದ ಎದ್ದು ನಿಂತಿತು.

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಎಡಬಲ ತಿರುವುಮುರುವು ಆಗಿದೆಯಲ್ಲ?"

"ಆಗ್ಲೇಬೇಕಲ್ವ. ಕಾಗದದ ಮೇಲೆ ನೆಟ್ಟಗೆ ಬರ್ಬೇಕಾದ್ರೆ ಉಕ್ಕಿನ ಮೇಲೆ ತಿರುವಾಗಿ ಕೆತ್ತಬೇಕು. ನಕಾಶೇನ ಕನ್ನಡಿ ಮುಂದೆ ಇಟ್ಕೊಂಡು, ಕನ್ನಡೀಲಿ ನೋಡ್ಕೊಂಡು ಕೆತ್ತೋರು. ಈ ಒಂದು ಪ್ಲೇಟಿಗೆ ಎರಡು ವರ್ಷ ಹಿಡಿದಿರುತ್ತೆ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರೆ," ಎಂದಳು ಮೂಲೆಯಿಂದ ಅತ್ತೆ. "ಆ ಪುಣ್ಯಾತ್ಮರು ಎರಡು ವರ್ಷ ಕನ್ನಡೀಲೇ ಬದುಕಿ, ಆಮೇಲೆ ಅಂಗೈ ನೋಡೋಕೂ ಕನ್ನಡಿ ಹುಡುಕ್ತಿದ್ರೋ ಏನೋ."

ಅಕ್ಕ ಅವನ ಕೈಗೆ ಒಂದು ಗಾಜು ಕೊಟ್ಟಳು, ವಜ್ರದ ವ್ಯಾಪಾರಿಗಳು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು. ಅದರಲ್ಲಿ ಅವನು ಮೊದಲು ನೋಡಿದ್ದು ಆಕಾಶ. ಬರಿಗಣ್ಣಿಗೆ ಮಂಜಿನ ಹಾಗೆ ಕಾಣುತ್ತಿದ್ದದ್ದು ಗಾಜಿನೊಳಗೆ ಸಾವಿರ ಗೆರೆಯಾಗಿ ಬಿಚ್ಚಿಕೊಂಡಿತು. ಒಂದಕ್ಕೊಂದು ತಾಗದ, ಒಂದನ್ನೊಂದು ಬಿಡದ ಗೆರೆಗಳು. ಒಂದು ಬೆರಳಗಲದೊಳಗೆ ತೊಂಬತ್ತು ಎಂದು ಅಕ್ಕ ಹೇಳಿದಳು. ಮೋಡ ದಟ್ಟವಾಗುವ ಕಡೆ ಗೆರೆ ಒಂದು ಉಸಿರಿನಷ್ಟು ದಪ್ಪ. ಬೆಳಕು ಬೀಳುವ ಕಡೆ ಉಸಿರು ಬಿಟ್ಟಷ್ಟು ತೆಳು. ಒಂದು ಕಿಟಕಿಯ ಒಳಗೆ ಪರದೆ ಇತ್ತು. ಪರದೆಗೆ ಮಡಿಕೆ ಇತ್ತು. ನಾಯಿಯ ಪಕ್ಕೆಲುಬು ಎಣಿಸಬಹುದಿತ್ತು.

ಕಲ್ಲುಕುಟಿಗ ತನ್ನ ಬಾಯಿ ತೆರೆದಿದೆ ಎಂದು ಅರಿತು ಮುಚ್ಚಿಕೊಂಡ. ಅವನು ದೊಡ್ಡ ಭಕ್ತನೇನೂ ಆಗಿರಲಿಲ್ಲ. ಕೆಲಸ ಶುರುವಾಗುವ ಮುಂಚೆ ಒಮ್ಮೆ ಕಣ್ಣು ಮುಚ್ಚಿ ನಿಲ್ಲುವಷ್ಟು ಭಕ್ತಿ, ಅಷ್ಟೇ. ಆದರೆ ಆ ಗೆರೆಗಳನ್ನು ನೋಡುತ್ತ ಅವನಿಗೆ, ಹುಲ್ಲಿಗೂ ನರ ಕೊಟ್ಟ, ನೊಣದ ರೆಕ್ಕೆಗೂ ಜಾಲ ಹೆಣೆದ ಆ ದೊಡ್ಡ ಕೈಯ ನೆನಪಾಯಿತು. ಯಾರೂ ನೋಡದ ಕಡೆಯೂ ಕೈ ಬಿಡದ ಕೈ.

"ಪ್ರಿಂಟು ತೆಗೀಲಾ?" ಎಂದಳು ಅಕ್ಕ.

ಆಕೆ ಫಲಕವನ್ನು ಬಿಸಿ ಕಲ್ಲಿನ ಮೇಲಿಟ್ಟು ಬೆಚ್ಚಗಾಗಿಸಿ, ಮಸಿ ಮೆತ್ತಿದಳು. ಕಟ್ಟಡ ಕಪ್ಪಿನಲ್ಲಿ ಮುಳುಗಿಹೋಯಿತು. ಅತ್ತೆ ಹರಿದಿಟ್ಟಿದ್ದ ಬಟ್ಟೆಯ ಚೌಕಗಳಿಂದ ಒಂದಾದ ಮೇಲೊಂದು ಒರೆಸಿದಳು. ಕೊನೆಗೆ ಬಟ್ಟೆ ಬಿಟ್ಟು, ಬಲ ಅಂಗೈಗೆ ಸೀಮೆಸುಣ್ಣದ ಪುಡಿ ಸವರಿಕೊಂಡು, ಬರಿಗೈಯಿಂದ ಫಲಕವನ್ನು ಸವರತೊಡಗಿದಳು. ಮಲಗಿದ ಕೂಸಿನ ಬೆನ್ನು ಸವರಿದ ಹಾಗೆ. ಮೇಲಿನ ಮಸಿ ಹೋಯಿತು, ಗೆರೆಯೊಳಗಿನ ಮಸಿ ಉಳಿಯಿತು. ಒದ್ದೆ ಕಾಗದ ಹಾಸಿ, ಕಂಬಳಿ ಹೊದಿಸಿ, ಚಕ್ರದ ಕಡ್ಡಿಗಳನ್ನು ಹಿಡಿದು ಎಳೆದಳು. ಯಂತ್ರ ನರಳಿತು. ಮಂಚ ಈ ಕಡೆಯಿಂದ ಹೋಗಿ ಆ ಕಡೆ ಬಂತು.

ಕಾಗದದ ಒಂದು ಮೂಲೆ ಹಿಡಿದು ಆಕೆ ಮೆಲ್ಲಗೆ ಎತ್ತಿದಳು. ನೂರೈವತ್ತು ವರ್ಷದ ಹಿಂದಿನ ಮಧ್ಯಾಹ್ನ ಈಗ ತಾನೇ ಆದ ಹಾಗೆ ಎದ್ದು ಬಂತು.

ಕಲ್ಲುಕುಟಿಗ ಗಾಜು ಹಿಡಿದು ಹೆಬ್ಬಾಗಿಲ ನೆತ್ತಿಗೆ ಹೋದ. ಗೂಡು ಇತ್ತು. ಗೂಡಿನೊಳಗೆ ನೆರಳಿನ ಗೆರೆಗಳು ಇದ್ದವು, ಬಾಗಿ, ಒಂದರ ಮೇಲೊಂದು, ಒಳಕ್ಕೆ ಒಳಕ್ಕೆ.

"ಇಲ್ಲ," ಎಂದ.

"ಏನಿಲ್ಲ?"

"ಅವಳಿಲ್ಲ."

ಅಕ್ಕ ಗಾಜು ತೆಗೆದುಕೊಂಡು ನೋಡಿದಳು. ಮಸಿ ಸರಿಯಾಗಿ ಕೂರಲಿಲ್ಲವೇನೋ ಎಂದು ಇನ್ನೊಂದು ಪ್ರಿಂಟು ತೆಗೆದಳು. ಅದರಲ್ಲೂ ನಾಯಿಯ ಪಕ್ಕೆಲುಬು ಇತ್ತು, ಪರದೆಯ ಮಡಿಕೆ ಇತ್ತು, ಗೂಡಿನಲ್ಲಿ ಯಾರೂ ಇರಲಿಲ್ಲ.

"ಸವೆದು ಹೋಗಿರಬಹುದಾ?" ಎಂದು ಅವನು ಕೇಳಿದ.

"ಸವೆದ್ರೆ ಮೊದಲು ಆಕಾಶ ಸವೆಯುತ್ತೆ. ಆಕಾಶ ನೋಡಿ, ಹೇಗಿದೆ."

ಬಟ್ಟೆ ಹರಿಯುವ ಸದ್ದು ನಿಂತಿತು. "ಮುಂದೆ ನೋಡಿ ಏನು ಪ್ರಯೋಜನ?" ಎಂದಳು ಅತ್ತೆ. "ಬೆನ್ನು ನೋಡ್ರಿ. ಮುಖ ಎಷ್ಟು ಬೇಕಾದ್ರೂ ಬಣ್ಣ ಹಚ್ಕೊಳ್ಳುತ್ತೆ. ಬೆನ್ನಿಗೆ ಆ ಬುದ್ಧಿ ಇಲ್ಲ. ತಾ ಇಲ್ಲಿ."

ಅಕ್ಕ ಫಲಕ ಒರೆಸಿ ಮಗುಚಿ ಅತ್ತೆಯ ತೊಡೆಯ ಮೇಲಿಟ್ಟಳು. ಮುದುಕಿ ಕಣ್ಣು ಮುಚ್ಚಿ ತೋರುಬೆರಳಿನಿಂದ ಆ ಒರಟು ಉಕ್ಕನ್ನು ಹುಡುಕಿದಳು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ. ಒಂದು ಕಡೆ ಬೆರಳು ನಿಂತಿತು.

"ಹೂಂ. ಇಲ್ಲಿ ಕೊಟ್ಟಿದಾನೆ ಏಟು. ಬಾ, ಈಗ ಮುಟ್ಟು. ಈಗ ಪರವಾಗಿಲ್ಲ."

ಕಲ್ಲುಕುಟಿಗನ ಬೆರಳು ದಪ್ಪ, ತುದಿ ಕಾಯಿಕಟ್ಟಿದ್ದು. ಆದರೂ ತಿಳಿಯಿತು. ಗೂಡಿನ ಸರಿ ಹಿಂದೆ, ಅಕ್ಕಿಕಾಳಿನಷ್ಟು ಜಾಗದಲ್ಲಿ ಏಳೆಂಟು ಪುಟ್ಟ ತಗ್ಗು, ಒತ್ತೊತ್ತಾಗಿ. ಸುತ್ತಿಗೆಯ ಗುರುತು. ಸುತ್ತಿಗೆಯ ಗುರುತನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಡೆದವನ ಕೈ ಹಗುರ, ಮನಸ್ಸು ಭಾರ ಎಂದೂ ತಿಳಿಯಿತು.

ಅತ್ತೆ ಹೇಳಿದಳು. ಉಕ್ಕಿನಲ್ಲಿ ಕೆತ್ತಿದ್ದು ತಪ್ಪಾದರೆ ಅಳಿಸುವುದು ಸುಲಭವಲ್ಲ. ತಪ್ಪಿದ ಗೆರೆಯನ್ನು ಕೆರೆದು ತೆಗೆಯಬೇಕು. ಕೆರೆದ ಕಡೆ ತಗ್ಗಾಗುತ್ತದೆ. ತಗ್ಗಿನಲ್ಲಿ ಮಸಿ ನಿಂತು ಕಲೆಯಾಗುತ್ತದೆ. ಅದಕ್ಕೆ ಬಾಗುಕಾಲಿನ ಕೈವಾರದ ಒಂದು ಕಾಲನ್ನು ಮುಂದೆ ತಗ್ಗಿನ ಮೇಲಿಟ್ಟು, ಇನ್ನೊಂದು ಕಾಲಿನಿಂದ ಬೆನ್ನ ಮೇಲೆ ಗುರುತು ಗೀರಿ, ಅಲ್ಲಿ ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಉಕ್ಕನ್ನು ಮೇಲಕ್ಕೆ ಎಬ್ಬಿಸಬೇಕು. ಸಮ ಮಾಡಿ, ಉಜ್ಜಿ, ಮತ್ತೆ ಕೆತ್ತಬೇಕು.

"ಅಂಚು ನೋಡು," ಎಂದಳು ಸೊಸೆಗೆ. "ನವಿಲು ಬಣ್ಣದ ಕಲೆ ಇದೆಯಾ?"

"ಇದೆ ಅತ್ತೆ. ಎರಡು ಸುತ್ತು."

"ಅಯ್ಯೋ ದೇವರೇ," ಎಂದು ಮುದುಕಿ ಬೆರಳನ್ನು ಅಂಚಿನುದ್ದಕ್ಕೂ ಎಳೆದಳು. ಆಮೇಲೆ ಕಲ್ಲುಕುಟಿಗನ ಕಡೆ ತಿರುಗಿದಳು. "ಕೆತ್ತಿ ಮುಗಿದ ಮೇಲೆ ಪ್ಲೇಟನ್ನ ಬೆಂಕೀಲಿ ಕಾಯಿಸಿ ಗಟ್ಟಿ ಮಾಡ್ತಾರಪ್ಪ. ಗಟ್ಟಿ ಮಾಡಿದ ಒಂದೊಂದು ಸಲಕ್ಕೂ ಅಂಚಲ್ಲಿ ಒಂದು ಸುತ್ತು ಆ ಬಣ್ಣ ಉಳಿಯುತ್ತೆ. ಗಟ್ಟಿಯಾದ ಮೇಲೆ ಉಳಿ ಜಾರುತ್ತೆ, ಇಳಿಯಲ್ಲ. ಇವನು ಪೂರ್ತಿ ಮುಗಿಸಿ, ಗಟ್ಟಿ ಮಾಡಿ, ಪರೀಕ್ಷೆಗೆ ಒಂದೆರಡು ಪ್ರಿಂಟು ತೆಗೆದಿದಾನೆ. ನಿಮ್ಮ ಕಚೇರೀಲಿ ಇರೋದು ಅದೇ ಇರ್ಬೇಕು. ಅದರ ಕೆಳಗೆ ಕಟ್ಟಡದ ಹೆಸರು ಅಚ್ಚಾಗಿದೆಯಾ?"

ಅವನು ನೆನಪು ಮಾಡಿಕೊಂಡ. ಪಟದ ಕೆಳಗಿನ ಅಂಚು ಬರೀ ಬಿಳಿ. "ಏನೂ ಇಲ್ಲ."

"ಸರಿ ಹೋಯ್ತು. ಹೆಸರು ಕೊನೇಲಿ ಆಸಿಡ್ಡಲ್ಲಿ ತಿನ್ನಿಸಿ ಹಾಕ್ತಾರೆ, ಅದಕ್ಕೆ ಉಳಿ ಬೇಡ. ಇಲ್ಲಿ ನೋಡು, ಪ್ಲೇಟಲ್ಲಿ ಹೆಸರಿದೆ. ಅಂದ್ರೆ ಏನಾಯ್ತು? ಕೆತ್ತೋನು ಕಟ್ಟಡದ ಮುಂದೆ ಕೂತು ಕೆತ್ತಿದ್ದಲ್ಲ. ಆಗೆಲ್ಲ ಕಟ್ಟೋಕೆ ಮುಂಚಿನ ನಕಾಶೆ ಕಳಿಸೋರು. ನಕಾಶೇಲಿ ಹೆಂಗಸು ಇದ್ಲು, ಇವನೂ ಕೂರಿಸಿದ. ಎರಡು ವರ್ಷ ಆಯ್ತು, ಅಷ್ಟರಲ್ಲಿ ಕಟ್ಟಡ ಎದ್ದಿತ್ತು. ಬಂದು ನೋಡ್ತಾನೆ, ಗೂಡು ಖಾಲಿ."

"ಯಾಕೆ ಖಾಲಿ ಬಿಟ್ರು?"

"ನನ್ನ ಕೇಳಿದ್ರೆ? ಶಿಲ್ಪಿ ಸತ್ತನೋ, ಕಲ್ಲು ಒಡೀತೋ, ಯಾರಿಗೋ ಹೀಗೇ ಚೆಂದ ಅನ್ನಿಸ್ತೋ. ಅದು ಪ್ಲೇಟಿಗೆ ಗೊತ್ತಿಲ್ಲ. ಪ್ಲೇಟಿಗೆ ಗೊತ್ತಿರೋದು ಇಷ್ಟು: ಇವನು ಎರಡು ವರ್ಷದ ಕೆಲಸಾನ ಮತ್ತೆ ಬೆಂಕಿಗೆ ಹಾಕಿದ, ಮೆತ್ತಗೆ ಮಾಡೋಕೆ. ಒಂದು ಕೂದಲು ಸೊಟ್ಟಗಾಗಿದ್ರೆ ಆಕಾಶ, ಕಂಬ, ನಾಯಿ ಎಲ್ಲಾ ಹೋಗ್ತಿತ್ತು. ಹಾಕಿದ. ಕೆರೆದ. ತಟ್ಟಿದ. ನೆರಳು ಕೆತ್ತಿದ. ಮತ್ತೆ ಬೆಂಕಿಗೆ ಹಾಕಿದ."

"ಎಳ್ಳುಕಾಳಿನಷ್ಟು ಹೆಂಗಸಿಗಾಗಿ," ಎಂದಳು ಅಕ್ಕ ಮೆಲ್ಲಗೆ.

ಕಲ್ಲುಕುಟಿಗ ಬೆರಳನ್ನು ಆ ತಗ್ಗುಗಳ ಮೇಲಿಂದ ತೆಗೆದಿರಲಿಲ್ಲ. ಯಾರು ಕಂಡು ಕೇಳುತ್ತಿದ್ದರು? ಗಾಜು ಹಿಡಿದು ನೋಡಿದರೂ ದೀಪವೋ ಸುರುಳಿಯೋ ತಿಳಿಯದಷ್ಟು ಸಣ್ಣ ಸುಳ್ಳು. ಅದನ್ನೂ ಉಳಿಸಿಕೊಳ್ಳಲಾರದವನು ಎಂಥವನು?

ಹೊರಡುವಾಗ ಅಕ್ಕ ಎರಡೂ ಪ್ರಿಂಟುಗಳನ್ನು ಒಣಗಲು ಹಲಗೆಗಳ ನಡುವೆ ಇಟ್ಟಳು. "ಇವು ಒಣಗೋಕೆ ನಾಲ್ಕು ದಿನ ಬೇಕು, ಮೇಸ್ತ್ರಿ," ಎಂದಳು. ಅವನ ಮುಖ ನೋಡದೆ ಮುಂದುವರಿಸಿದಳು: "ಆಮೇಲೂ ಇಲ್ಲೇ ಇರ್ತವೆ. ನೀವು ಬಂದು ತಗೊಂಡ್ರೆ ತಗೊಂಡ್ರಿ. ಇಲ್ಲಾಂದ್ರೆ ನಮ್ಮನ್ನ ಯಾರೂ ಕೇಳೋಕೆ ಬರಲ್ಲ."

ಆಕೆ ಏನು ಹೇಳಿದಳೆಂದು ಅವನಿಗೆ ಬೀದಿಯ ತುದಿ ಮುಟ್ಟುವಷ್ಟರಲ್ಲಿ ಅರ್ಥವಾಯಿತು. ಅರ್ಥವಾದದ್ದೇ ಕಷ್ಟವಾಯಿತು.

"ಏನಂತೆ ನನ್ನ ಸವತಿ?" ಎಂದಳು ಹೆಂಡತಿ ಬಾಗಿಲಲ್ಲೇ. "ಕೈಯಲ್ಲಿ ಏನಿತ್ತಂತೆ?"

"ಕೈಯೇ ಇಲ್ವಂತೆ. ಅವಳೇ ಇಲ್ವಂತೆ."

ಅವನು ಎಲ್ಲವನ್ನೂ ಹೇಳಿದ. ಹೆಂಡತಿ ತಮಾಷೆ ಮಾಡಲಿಲ್ಲ. ಮೂವತ್ತು ವರ್ಷ ಆ ಕಲ್ಲಿನ ಸುತ್ತ ಕಸ ಗುಡಿಸಿದವಳು ಅವಳು; ಮಳೆಗಾಲದಲ್ಲಿ ಗೋಣಿಚೀಲ ಬದಲಾಯಿಸಿದವಳು ಅವಳು. ಸ್ವಲ್ಪ ಹೊತ್ತಿಗೆ ಅವಳಿಗೆ ಸಿಟ್ಟು ಬಂತು.

"ಇರ್ಲಿ ಬಿಡ್ರೀ. ಸರ್ಕಾರದವರೇ ಕೇಳ್ತಿದಾರೆ, ಪಟದಲ್ಲೂ ಇದಾಳೆ. ನೀವೇನು ಕದೀತಿದೀರಾ? ಖಾಲಿ ಗೂಡಲ್ಲಿ ಒಬ್ಬಳನ್ನ ಕೂರಿಸಿದ್ರೆ ಯಾರಪ್ಪನ ಗಂಟು ಹೋಗುತ್ತೆ? ಒಂದು ಮುಖ ಕೆತ್ತಬೇಕು ಅಂತ ನಿಮ್ಮಪ್ಪ ಒದ್ದಾಡಿ ಹೋದ್ರು. ನೀವೂ ಹಾಗೇ ಹೋಗ್ಬೇಕಾ?"

ಅವಳು ಹೇಳಿದ್ದರಲ್ಲಿ ಅವನು ತಪ್ಪು ಹುಡುಕಿದ; ಸಿಗಲಿಲ್ಲ. ಮರುದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ಗೋಣಿಚೀಲ ಎತ್ತಿ ಕಲ್ಲನ್ನು ನೋಡಿದ. ಆರು ತಿಂಗಳಿಂದ ಅದರೊಳಗೆ ಅವಳು ಕಾಣುತ್ತಿದ್ದಳು: ತುಸು ಬಾಗಿದ ತಲೆ, ಕೆಳಗೆ ಅರ್ಜಿ ಹಿಡಿದು ಬರುವವರನ್ನು ನೋಡುವ ಕಣ್ಣು. ಈಗಲೂ ಕಂಡಳು. ಅದೇ ಅವನಿಗೆ ಹೆಚ್ಚು ನೋವು ಕೊಟ್ಟಿತು.

ಕಾಲು ತಾನಾಗಿ ಕಚೇರಿಯ ಹಿತ್ತಲಿಗೆ ಹೋಯಿತು. ಅಲ್ಲಿ ಬಿದ್ದ ದೊಡ್ಡ ಕಲ್ಲುಗಳಿಗೆಲ್ಲ ಅವನೇ ಸುಣ್ಣದಲ್ಲಿ ಅಂಕಿ ಬರೆದಿದ್ದ. ಹದಿನೇಳನೆಯದು ಗೂಡಿನ ಪೀಠ. ಮೂರ್ತಿ ಕೂರಬೇಕಾದ ಕಲ್ಲು. ಅಳತೆ ತೆಗೆದುಕೊಂಡಿದ್ದ, ಬದಿಗೆ ಉರುಳಿಸಿದ್ದ, ಅಷ್ಟೇ. ಈಗ ಬಕೆಟ್ಟಿನಲ್ಲಿ ನೀರು ತಂದು, ತೆಂಗಿನ ನಾರಿನಿಂದ ಉಜ್ಜಿದ. ಪಾರಿವಾಳದ ಹಿಕ್ಕೆಯ ಕಲ್ಲಾದ ಪದರ ಎದ್ದು ಬಂತು. ಕೆಳಗೆ ಕಲ್ಲಿನ ಮೈ ಕಂಡಿತು.

ಮೂರ್ತಿ ಕೂರಿಸುವ ಪೀಠಕ್ಕೆ ನಡುವೆ ಒಂದು ಕುಳಿ ತೋಡುತ್ತಾರೆ. ಮೂರ್ತಿಯ ಬುಡದ ಗೂಟ ಅದರೊಳಗೆ ಇಳಿಯಬೇಕು. ಇಲ್ಲದಿದ್ದರೆ ಗಾಳಿಗೆ ಮೂರ್ತಿ ನಿಲ್ಲುವುದಿಲ್ಲ. ಯಾವ ಕಲ್ಲುಕುಟಿಗನೂ ಮರೆಯದ ಮಾತು ಅದು. ಇಲ್ಲಿ ಕುಳಿ ಇರಲಿಲ್ಲ. ಅವನಿಗೆ ನಗು ಬಂತು, ತನ್ನ ಮೇಲೇ. ಆರು ತಿಂಗಳು ಭೂತಗನ್ನಡಿ ಹಿಡಿದು ಕಾಗದ ನೋಡಿದವನು, ಕಣ್ಣೆದುರಿನ ಕಲ್ಲನ್ನು ಒಮ್ಮೆ ತೊಳೆದು ನೋಡಿರಲಿಲ್ಲ. ಬೇಕಾದ್ದನ್ನು ನೋಡುವ ಕಣ್ಣಿಗೆ ಇದ್ದದ್ದು ಕಾಣುವುದಿಲ್ಲ.

ಆಮೇಲೆ ಅವನು ಇಪ್ಪತ್ತೆರಡನೆಯ ಕಲ್ಲಿಗೆ ಹೋದ. ಗೂಡಿನ ಹಿಂಗೋಡೆಯ ಬಾಗಿದ ತುಂಡು ಅದು. ಮುಂದೆ ಮೂರ್ತಿ ಇರುವ ಕಡೆ ಹಿಂಗೋಡೆಯನ್ನು ಯಾರೂ ನಯ ಮಾಡುವುದಿಲ್ಲ. ಒರಟು ಉಳಿಯಲ್ಲಿ ಕಡಿದು ಬಿಡುತ್ತಾರೆ. ಅವನೂ ಹಾಗೇ ಬಿಡುತ್ತಿದ್ದ. ಅವನು ನೀರು ಹೊಯ್ದು, ಉಜ್ಜಿ, ಅಂಗೈಯಿಟ್ಟ.

ಅಂಗೈ ಜಾರಿತು.

ಇನ್ನೊಮ್ಮೆ ಇಟ್ಟ. ಮೇಲಿನಿಂದ ಕೆಳಗೆ, ಈ ಅಂಚಿನಿಂದ ಆ ಅಂಚಿಗೆ, ಮೂಲೆ ಮೂಲೆಗೂ, ಅಂಗೈಗೆ ಒಂದು ಕಡೆಯೂ ಉಳಿಯ ಗುರುತು ತಾಗಲಿಲ್ಲ. ಮೂರು ಆಳೆತ್ತರದ ಮೇಲೆ, ಯಾರ ಕಣ್ಣೂ ಮುಟ್ಟದ ಕತ್ತಲಲ್ಲಿ, ಯಾವನೋ ಒಬ್ಬ ಕಲ್ಲನ್ನು ಕೆನೆಯ ಹಾಗೆ ಉಜ್ಜಿದ್ದ. ತಿಂಗಳುಗಟ್ಟಲೆ ಹಿಡಿದಿರಬೇಕು. ಏನೂ ಇಡಲಿಕ್ಕಿಲ್ಲದ ಗೂಡಿಗೆ ಅಷ್ಟು ದುಡಿದಿದ್ದ. ಆ ಕೆಲಸವನ್ನು ಕಂಡ ಇನ್ನೊಬ್ಬ, ಉಕ್ಕಿನವನು, ಅದರ ಮೇಲೆ ಎಳ್ಳುಕಾಳು ಮರೆ ನಿಲ್ಲುವುದನ್ನೂ ಸಹಿಸದೆ ಎರಡು ವರ್ಷದ ತನ್ನ ಬದುಕನ್ನು ಬೆಂಕಿಗೆ ಕೊಟ್ಟಿದ್ದ. ಇಬ್ಬರ ಮುಖವೂ ಯಾರಿಗೂ ಗೊತ್ತಿಲ್ಲ.

ಕಲ್ಲುಕುಟಿಗ ಒದ್ದೆ ನೆಲದಲ್ಲೇ ಕೂತ. ತಲೆ ಎತ್ತಿದರೆ ಕಚೇರಿಯ ಒಡೆದ ಹಣೆ ಕಾಣುತ್ತಿತ್ತು, ಅದರ ಸಂದಿನಲ್ಲಿ ಆಕಾಶ. ಅವನಿಗೆ ಪ್ರಾರ್ಥನೆಯ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಎದೆಯೊಳಗೆ ಏನೋ ದೊಡ್ಡದು ಬಂದು ಕೂತಿತು, ಮಾತಿಗೆ ಜಾಗವಿಲ್ಲದ ಹಾಗೆ. ಎಷ್ಟು ಹೊತ್ತು ಕೂತಿದ್ದನೋ, ಬಕೆಟ್ಟಿನ ನೀರಲ್ಲಿ ಒಂದು ಕಾಗೆ ಕುಡಿದು ಹೋಯಿತು.

ನಾಲ್ಕನೆಯ ದಿನ ಅವನು ಒಣಗಿದ ಪ್ರಿಂಟುಗಳನ್ನು ತಂದು ಇಂಜಿನಿಯರಮ್ಮನ ಮೇಜಿನ ಮೇಲೆ ಹಾಸಿದ. ಹೇಳಬೇಕಾದ್ದನ್ನು ಹೇಳಿದ. ಆಕೆ ಗಾಜು ಹಿಡಿದು ನೋಡಿ, ಹಿತ್ತಲಿಗೆ ಬಂದು ಎರಡೂ ಕಲ್ಲುಗಳನ್ನು ನೋಡಿ, ಮತ್ತೆ ಕುರ್ಚಿಯಲ್ಲಿ ಕೂತು ಹಣೆ ಒತ್ತಿಕೊಂಡಳು.

"ಮೇಸ್ತ್ರಿ, ಮೂರ್ತಿಗೆ ಮಂಜೂರಾತಿ ಆಗಿ ಬಂದಿದೆ. ನೀವು ಸುಮ್ಮನೆ ಇದ್ದಿದ್ರೆ..."

"ಗೊತ್ತಮ್ಮ."

"ನಿಮಗೆ ಬೇಜಾರಿಲ್ವಾ?"

"ಇದೆಯಮ್ಮ," ಎಂದ ಅವನು. "ತುಂಬಾ ಇದೆ. ಆದೇಶದಲ್ಲಿ 'ಹೇಗಿತ್ತೋ ಹಾಗೆ' ಅಂತಿದೆಯಲ್ಲ. ಹಾಗಿತ್ತು."

ಆಕೆ ಮಂಜೂರಾತಿಯ ಕಾಗದ ಮಡಚಿ ಬದಿಗಿಟ್ಟಳು. "ಸರಿ. ಗೂಡಿಗೆ ಎಷ್ಟು ದಿನ ಬೇಕು?"

"ನಾಲ್ಕು ತಿಂಗಳು."

"ನಾಲ್ಕು ತಿಂಗಳಾ? ಮೂರ್ತಿ ಸೇರಿಸಿಯೇ ಮೂರು ಅಂದಿದ್ರಿ! ಏನೂ ಇಲ್ಲದ್ದನ್ನ ಕೆತ್ತೋಕೆ ಜಾಸ್ತಿ ಹೊತ್ತು ಬೇಕು ಅಂತ ನಾನು ಮೇಲಿನವರಿಗೆ ಹೇಗೆ ಬರೀಲಿ?"

"ಹಾಗೇ ಬರೀರಿ ಅಮ್ಮ. ಮೂರ್ತಿ ಇದ್ರೆ ಹಿಂದೆ ಸ್ವಲ್ಪ ಕಡೆಗಣಿಸಬಹುದಿತ್ತು. ಈಗ ಆಗಲ್ಲ."

ಒಡೆದುಹೋಗಿದ್ದ ಹಿಂಗೋಡೆಯ ಉಳಿದ ಭಾಗಕ್ಕೆ ಅವನು ಕೊಟ್ಟಿಗೆಯ ಆ ಕಲ್ಲನ್ನೇ ಹೊರತೆಗೆದ. ಅದೇ ಗಣಿಯದು, ಅದೇ ಬಣ್ಣ. ಮೊದಲ ಏಟು ಹೊಡೆಯುವ ದಿನ ಹೆಂಡತಿ ಬಂದು ಕಂಬಕ್ಕೆ ಒರಗಿ ನಿಂತಳು. ಅವನ ಸುತ್ತಿಗೆ ಎತ್ತಿದ ಹಾಗೇ ನಿಂತಿತು. ಆ ಬಾಗಿದ ತಲೆ, ಆ ಕಣ್ಣು ಇರುವ ಕಡೆಯೇ ಮೊದಲ ತಗ್ಗು ಬೀಳಬೇಕಿತ್ತು.

"ಮುಖ ಹೇಗಿತ್ರೀ?" ಎಂದಳು ಅವಳು.

"ಯಾರದು?"

"ಅವಳದು. ನೀವು ಕಂಡಿದ್ರಲ್ಲ."

ಅವನು ಯೋಚಿಸಿದ. "ಸಿಟ್ಟು ಬಂದಾಗ ನಿನ್ನದು ಇರುತ್ತಲ್ಲ, ಸಿಟ್ಟು ಇಳಿದ ಮೇಲೆ ಇನ್ನೂ ಬಿಗಿದುಕೊಂಡಿರೋದು. ಹಾಗಿತ್ತು."

"ಥೂ," ಎಂದಳು. ಮುಖ ಆ ಕಡೆ ತಿರುಗಿಸಿದಳು. "ಹೊಡೀರಿ, ಹೊತ್ತಾಯ್ತು."

ಅವನು ಹೊಡೆದ.

ಮೊದಲ ತಿಂಗಳು ಉಳಿ, ಎರಡನೆಯ ತಿಂಗಳು ಸಣ್ಣ ಉಳಿ, ಆಮೇಲೆ ಮರಳು, ಆಮೇಲೆ ನುಣ್ಣನೆಯ ಮರಳು, ಕೊನೆಗೆ ಬರೀ ನೀರು ಮತ್ತು ಅಂಗೈ. ತಾನು ಏನನ್ನು ಕೆತ್ತುತ್ತಿದ್ದೇನೆಂದು ಯಾರಾದರೂ ಕೇಳಿದರೆ ತೋರಿಸಲು ಏನೂ ಇರಲಿಲ್ಲ. ತೆಗೆದಷ್ಟೂ ಅದು ದೊಡ್ಡದಾಗುತ್ತಿತ್ತು. ಹಳೇ ಕಲ್ಲಿಗೂ ಹೊಸ ಕಲ್ಲಿಗೂ ನಡುವೆ ಅಂಗೈಗೆ ಗೆರೆ ತಿಳಿಯದಷ್ಟು ನಯವಾಗುವವರೆಗೆ ಅವನು ಬಿಡಲಿಲ್ಲ. ಒಂದು ದಿನ ಕಣ್ಣು ಮುಚ್ಚಿ ಸವರಿ, ತನ್ನ ಕೆಲಸ ಎಲ್ಲಿ ಮುಗಿದು ಆ ಹಳಬನ ಕೆಲಸ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿದ. ಸಿಗಲಿಲ್ಲ. ಅಂದು ಮನೆಗೆ ಬೇಗ ಹೋಗಿ ಎರಡು ಸಲ ಬಡಿಸಿಕೊಂಡು ಊಟ ಮಾಡಿದ.

ಕಲ್ಲುಗಳನ್ನು ಮೇಲಕ್ಕೆತ್ತಿ ಕೂರಿಸಿದ ದಿನ ಸಂಜೆ, ಅಟ್ಟಣಿಗೆ ಬಿಚ್ಚುವ ಮುಂಚೆ ಅವನೊಬ್ಬನೇ ಕೊನೆಯ ಸಲ ಹತ್ತಿದ. ಸೂರ್ಯ ಎದುರಿನ ಮಾಳಿಗೆಗಳ ಸಾಲಿಗೆ ಇಳಿದಿದ್ದ. ಬೆಳಕು ಓರೆಯಾಗಿ ಬಂದು ಗೂಡಿನ ಬಾಯಿ ಮುಟ್ಟಿತು. ಅಂಚಿನಿಂದ ಒಳಕ್ಕೆ, ಬಾಗಿದ ಗೋಡೆಯ ಮೇಲೆ ಮೆಲ್ಲಗೆ ಹರಿಯಿತು, ಒಂದು ಕಡೆಯೂ ತಡೆಯದೆ, ಒಂದು ಕಡೆಯೂ ಎಡವದೆ. ತುಂಬಿತು. ಗೂಡು ತುಂಬಿ ನಿಂತದ್ದನ್ನು ಅವನು ಕಂಡ. ಅದಕ್ಕೆ ಕೈಯಿರಲಿಲ್ಲ, ಕೈಯಲ್ಲಿ ಹಿಡಿದದ್ದು ಏನೂ ಇರಲಿಲ್ಲ. ಅವನಿಗೆ ಗೊತ್ತಿಲ್ಲದೆಯೇ ತಲೆಯ ಮೇಲಿನ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಮೇಸ್ತ್ರಿ," ಎಂದು ಇಂಜಿನಿಯರಮ್ಮ ಕೆಳಗಿನಿಂದ ಕೂಗಿದಳು. "ಇಳೀತೀರಾ? ಅಟ್ಟಣಿಗೆ ಬಿಚ್ಚೋರು ಕಾಯ್ತಿದಾರೆ."

"ಬಂದೆ ಅಮ್ಮ," ಎಂದ.

ಬೆಳಕು ಪೀಠದಿಂದ ಗೋಡೆಗೆ, ಗೋಡೆಯಿಂದ ನೆತ್ತಿಯ ಅಂಚಿಗೆ ಸರಿಯುವವರೆಗೂ ಅವನು ಅಲ್ಲೇ ನಿಂತಿದ್ದ. ಕೆಳಗೆ ಮೆಟ್ಟಿಲ ಮೇಲೆ ಕಾಗದಪತ್ರ ಹಿಡಿದು ಇಳಿಯುತ್ತಿದ್ದ ನಾಲ್ಕಾರು ಮಂದಿ, ಇವನೇನು ನೋಡುತ್ತಿದ್ದಾನೆ ಎಂದು ಒಬ್ಬೊಬ್ಬರಾಗಿ ತಲೆ ಎತ್ತಿದರು.